ಬೊಂಬೆ ಅಕ್ಕನ ಬ್ಲಾಗು

ಬೆಳಿಗ್ಗೆ ಎದ್ದು ಬ್ಲಾಗ್ ತೆರೆದರೆ ಗಂಡ ಕಾಣಿಸಲಿಲ್ಲ.

ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಅದು ಬೇರೆ ಮಾತು. ಬ್ಲಾಗಿನಲ್ಲಿ ಮಾತ್ರ ನಿನ್ನೆಯವರೆಗೂ ಇದ್ದರು. ಬಲಗಡೆಯ ವರ್ಗಗಳ ಸಾಲಿನಲ್ಲಿ ‘ಇವರು’ ಎಂಬ ಹೆಸರಿತ್ತು. ಅದನ್ನು ಒತ್ತಿದರೆ ಗಂಡನ ಬಗ್ಗೆ ಅವಳು ಬರೆದದ್ದೆಲ್ಲ ಬರುತ್ತಿತ್ತು. ಈಗ ಅಲ್ಲಿ ‘ಮೆತ್ತನೆ ಬೊಂಬೆ’, ‘ಮರದ ಬೊಂಬೆ’, ‘ಕೀಲಿ ಬೊಂಬೆ’ ಎಂಬ ಮೂರೇ ಹೆಸರು ಶಿಸ್ತಾಗಿ ನಿಂತಿದ್ದವು.

ಅವಳದು ಬೊಂಬೆ ರಿಪೇರಿ ಅಂಗಡಿ. ಬೀದಿಗೆಲ್ಲ ಅವಳು ಬೊಂಬೆ ಅಕ್ಕ. ಹರಿದ ಕರಡಿ, ಕಣ್ಣು ಕಿತ್ತ ಮೊಲ, ಚಕ್ರ ಕಳೆದುಕೊಂಡ ರೈಲು, ಎಲ್ಲವೂ ಅವಳ ಮೇಜಿಗೇ ಬರಬೇಕು. ರಿಪೇರಿಯ ಉಪಾಯಗಳನ್ನು ಬ್ಲಾಗ್ ಮಾಡಿ ಬರೆಯಲು ಹಚ್ಚಿದವಳು ಜೊತೆಯಲ್ಲೇ ಇರುವ ನಾದಿನಿ. ಅತ್ತಿಗೆಯ ಹುರುಪು ಹೇಗಿತ್ತೆಂದರೆ, ಬರಹಕ್ಕೊಂದು ಹೊಸ ವರ್ಗ. ಕರಡಿಯ ಎಡಗಿವಿಗೆ ಒಂದು, ಬಲಗಿವಿಗೆ ಇನ್ನೊಂದು. ಪಟ್ಟಿ ಪರದೆ ದಾಟಿ ಎಲ್ಲೋ ಹೋಗಿತ್ತು. ಕರಡಿಗೆ ಇನ್ನೆರಡು ಕಿವಿ ಇದ್ದಿದ್ದರೆ ಬ್ಲಾಗೇ ಬಿದ್ದುಹೋಗುತ್ತಿತ್ತು ಎಂದು ನಾದಿನಿ ನಕ್ಕು, ಪಕ್ಕದ ಪ್ರಿಂಟಿಂಗ್ ಅಂಗಡಿಯವನನ್ನು ಸಹಾಯಕ್ಕೆ ಕರೆತಂದಳು.

ಅವನು ಸಂಜೆ ಅಂಗಡಿ ಮುಚ್ಚಿ ಬರುತ್ತಿದ್ದ. ಮಾತು ಕಮ್ಮಿ. ಬೊಂಬೆ ಅಕ್ಕ ನಕ್ಕರೆ ಅವನ ಕಿವಿ ಕೆಂಪಾಗುತ್ತಿದ್ದವು. ಅವಳು ಮೊಲಕ್ಕೆ ಕಣ್ಣು ಹೊಲಿಯುವಾಗ ಅವನ ನೋಟ ಪರದೆ ಬಿಟ್ಟು ಅವಳ ಬೆರಳಿಗೆ ಬರುತ್ತಿತ್ತು. ಅವಳು ತಲೆ ಎತ್ತಿದ ತಕ್ಷಣ ಏನೋ ಮಹಾ ಓದುವವನಂತೆ ಹುಬ್ಬು ಗಂಟಿಕ್ಕುತ್ತಿದ್ದ. ಅವಳಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೇ ಒಂದೊಂದು ಕಣ್ಣಿಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದಳು.

ನಿನ್ನೆ ಸಂಜೆ ಪಾಸ್‌ವರ್ಡನ್ನೇ ಅವನ ಕೈಗೆ ಕೊಟ್ಟು, ನಿಮಗೆ ಸರಿ ಕಂಡ ಹಾಗೆ ಜೋಡಿಸಿ ಎಂದಿದ್ದಳು. ಅವನು ಜೋಡಿಸಿದ್ದು ಹೀಗೆ.

ಗಂಡನ ಬಗ್ಗೆ ಬರೆದ ಆ ಬರಹಗಳು ಬೇರೆಲ್ಲೂ ಇರಲಿಲ್ಲ. ಯಾರಿಗೆ ತನ್ನ ಮನಸ್ಸಿನಲ್ಲಿ ಜಾಗ ಕೊಡಬೇಕೆಂದುಕೊಂಡಿದ್ದಳೋ ಅವನೇ ಇವರನ್ನು ಎತ್ತಿ ಆಚೆ ಹಾಕಿದ್ದ. ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಪಕ್ಕದಂಗಡಿಗೆ ಹೊರಟಳು. ಹಿಂದೆಯೇ ನಾದಿನಿಯೂ ಓಡಿಬಂದಳು.

ಅವನು ಯಂತ್ರಕ್ಕೆ ಮಸಿ ತುಂಬುತ್ತಿದ್ದ.

“ನಮ್ಮವರನ್ನ ಅಳಿಸಿಬಿಟ್ರಾ?” ಎಂದಳು ಬೊಂಬೆ ಅಕ್ಕ. “ನಿಮ್ಮ ಮೇಲೆ ನಂಬಿಕೆ ಇಟ್ಟಿದ್ದೆ.”

ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಯಂತ್ರ ನಿಲ್ಲಿಸಿ, ಬ್ಲಾಗ್ ತೆರೆದು ಕಂಪ್ಯೂಟರನ್ನು ಅವಳತ್ತ ತಿರುಗಿಸಿದ. ಪರದೆಯ ನೆತ್ತಿಯ ಮೇಲೆ, ಅವಳು ಎಂದೂ ಕಣ್ಣು ಹಾಯಿಸದ ಮೆನುವಿನಲ್ಲಿ, ‘ಮುಖಪುಟ’ದ ಪಕ್ಕದಲ್ಲೇ ‘ಇವರು’ ಇದ್ದರು.

ಒತ್ತಿದಳು. ಎಲ್ಲ ಬರಹಗಳೂ ಒಂದೇ ಪುಟದಲ್ಲಿ, ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಬಂದವು. ಇವರು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಮಾತಾಡುತ್ತಿದ್ದದ್ದು, ರಿಪೇರಿಯಾದ ಬೊಂಬೆಗೆ ಹುಷಾರು ಕಣೋ ಎಂದು ಹೇಳಿ ಕಳಿಸುತ್ತಿದ್ದದ್ದು, ಕೊನೆಗೆ ಆಸ್ಪತ್ರೆಯ ಆ ಬಿಳಿ ಕೋಣೆ. ಒಂದು ಅಕ್ಷರವೂ ಹೋಗಿರಲಿಲ್ಲ.

“ಪೋಸ್ಟ್ ಆದ್ರೆ, ಹೊಸದು ಬಂದ ಹಾಗೆಲ್ಲ ಹಳೇದು ಕೆಳಗೆ ಹೋಗ್ತಾ ಇರುತ್ತೆ,” ಎಂದ ಅವನು ಮೆಲ್ಲಗೆ. “ನೀವು ದಿನಾ ಬರೀತೀರಿ. ಅವರು ಆಗಲೇ ತುಂಬ ಕೆಳಗೆ ಹೋಗಿದ್ರು. ಪುಟ ಹಾಗಲ್ಲ, ಇಟ್ಟ ಕಡೆ ಇರುತ್ತೆ. ಅವರು ಕೆಳಗೆ ಹೋಗೋದು ನನಗೆ ಸರಿ ಕಾಣಲಿಲ್ಲ. ಕೇಳಿ ಮಾಡಬೇಕಿತ್ತು, ತಪ್ಪಾಯ್ತು.”

ಅವಳು ಅಲ್ಲಿದ್ದ ಕಾಗದದ ಕಟ್ಟಿನ ಮೇಲೆಯೇ ಕೂತಳು. ತಡೆದಷ್ಟೂ ಅಳು ಬಂತು. ನಾದಿನಿ ಬಗ್ಗಿ ತನ್ನಣ್ಣನ ಪುಟವನ್ನು ಕೊನೆತನಕ ಓದಿದಳು, ಕಣ್ಣೊರೆಸಿಕೊಂಡಳು. ಅಂಗಡಿ ಬಾಗಿಲು ತೆಗೆಯಬೇಕು, ನೀವು ನಿಧಾನವಾಗಿ ಬನ್ನಿ ಎಂದು ಅತ್ತಿಗೆಯ ಭುಜ ಒತ್ತಿ ಹೊರಟುಬಿಟ್ಟಳು. ಆ ‘ನಿಧಾನವಾಗಿ’ಯನ್ನು ಅವಳು ಎಷ್ಟು ಎಳೆದಳೆಂದರೆ, ಅಷ್ಟು ಅಳುವಿನ ನಡುವೆಯೂ ಅತ್ತಿಗೆಗೆ ನಾಚಿಕೆಯಾಯಿತು.

ಇಬ್ಬರೇ ಉಳಿದರು. ಬ್ಲಾಗಿನ ಕೆಲಸ ಮುಗಿಯಿತು, ಇನ್ನು ಸಂಜೆ ಬರುವುದಕ್ಕೆ ತನಗೆ ಕಾರಣವಿಲ್ಲ ಎಂದು ಅವನು ನೆಲ ನೋಡುತ್ತ ಹೇಳಿದ. ಆಮೇಲೆ ಉಸಿರೆಳೆದುಕೊಂಡ.

“ಅವರ ಜಾಗ ನನಗೆ ಬೇಡ. ಅದು ಅವರದೇ. ಬೇರೆ ಎಲ್ಲಾದ್ರೂ ನನಗೆ ಜಾಗ ಇದೆ ಅಂದ್ರೆ ಹೇಳಿ. ಎಷ್ಟು ದಿನ ಆದ್ರೂ ಕಾಯ್ತೀನಿ.”

“ಬೇರೆ ಯಾರಾದ್ರೂ ಅಳಿಸಿದ್ರೆ ನನಗೆ ಸಿಟ್ಟು ಬರ್ತಿತ್ತು, ಅಷ್ಟೆ,” ಎಂದಳು ಅವಳು. “ನೀವೇ ಅಳಿಸಿದ್ರಿ ಅಂದ್ಕೊಂಡು ಎದೆ ಒಡೆದ ಹಾಗಾಯ್ತು. ಇನ್ನೂ ಬಿಡಿಸಿ ಹೇಳಬೇಕಾ?”

ಅವನ ಕಿವಿ ಕೆಂಪಾಗುತ್ತ ಬಂದವು. ಹೇಳಿದರೆ ಒಳ್ಳೆಯದು ಎಂದು ತೊದಲಿದ.

“ಇಷ್ಟ ರೀ. ತುಂಬ ಇಷ್ಟ.”

ಎದ್ದು ಅವನ ಕೈ ಹಿಡಿದುಕೊಂಡಳು. ಮಸಿ ಅಂಟುತ್ತದೆ ಎಂದು ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.