ಸ್ಟೇಡಿಯಂ ಸ್ಪೆಶಲ್ ಬಸ್ಸಿನ ಬೋರ್ಡು

"ಈ ಬೋರ್ಡು ಒಯ್ಯೋದಾದ್ರ ಒಯ್ಯಿ ಮಾಸ್ತರ. ಆದ್ರ ತೂತಿನಾಗಿನ ಮೇಣ ಮಾತ್ರ ಕೀಳಬ್ಯಾಡ," ಎಂದಳು ಮಸ್ತಾನಬಿ.

ಕಮಲಾಪುರದ ಆ ಮುದುಕಿಯನ್ನು ಮೌನೇಶ ಮೂರು ತಿಂಗಳಿಂದ ಫೋನು ಮಾಡಿ ಮಾಡಿ ಕಾಡಿದ್ದ. ವಿಜಯಪುರದಿಂದ ವರ್ಗವಾಗಿ ಕಲಬುರಗಿಗೆ ಬಂದ ಈ ಮಾಸ್ತರನಿಗೆ ಹಳೇ ಬಸ್ಸುಗಳ ಬೋರ್ಡು ಕೂಡಿಡುವ ಹುಚ್ಚು. ಊರೂರಿನವು ಸಿಕ್ಕಿದ್ದವು. ಮ್ಯಾಚಿನ ದಿನ ಹಳೇ ಸ್ಟೇಡಿಯಮ್ಮಿಗೆ ಓಡುತ್ತಿದ್ದ ಸ್ಪೆಶಲ್ ಬಸ್ಸಿನದೊಂದು ಸಿಕ್ಕಿರಲಿಲ್ಲ.

"ನನ್ನ ಗಂಡ ಅಲ್ಲಾಬಕ್ಷ ಆ ಬಸ್ಸಿನ ಕಂಡಕ್ಟರ್. ಹೆರಿಗಿ ಬ್ಯಾನಿ ತಿನ್ನೋ ಹೆಣ್ಮಗಳು ಬಸ್ಸಿಗೆ ಕೈ ಮಾಡಿದ್ಳು. ಮ್ಯಾಚ್ ತಪ್ತದಂತ ಬಸ್ ನಿಲ್ಲಸಲಿಲ್ಲ. ಆಕಿ ರಸ್ತಾದಾಗೇ ಸತ್ಲು. ಆಕಿ ತಾಯಿ ಬೋರ್ಡಿಗೆ ಮಾಟ ಮಾಡಿಸಿದ್ಳು. ನನ್ನ ಗಂಡ ಮನಿ ದಾರಿ ಸಿಗದೇ ತಿರುಗಿ ತಿರುಗಿ ಸತ್ತ. ಆಮ್ಯಾಲ ಮಾಟ ತಿಳಿದಾವನೊಬ್ಬ ತೂತಿಗೆ ಮೇಣ ತುಂಬಿ ಅದನ್ನ ಕಟ್ಟಿಟ್ಟಾನ."

"ದಾರಿ ತಪ್ಪಿದ್ರ ಫೋನಿನಾಗ ಮ್ಯಾಪ್ ಐತಿ ಬಿಡಮ್ಮಾ," ಎಂದು ಮೌನೇಶ ನಕ್ಕ.

ಮರುದಿನ ರವಿವಾರ. ಕೋಟನೂರಿನ ಬಾಡಿಗೆ ಮನೆಯಲ್ಲಿ ಬೋರ್ಡನ್ನು ಸೀಮೆಎಣ್ಣೆಯಿಂದ ಒರೆಸಿದ. ಕೂಡಿಡುವವನ ಕೈ ಸುಮ್ಮನಿರುತ್ತದೆಯೇ? ತೂತಿನ ಕರಿಮೇಣವನ್ನೂ ಕೆದಕಿ ತೆಗೆದ. ಒಳಗೆ ಕೂದಲ ಸುರುಳಿ. ಸುಟ್ಟ ಕೂದಲಿನ ವಾಸನೆ ಮನೆ ತುಂಬಿತು. ತುಂಬು ಬಸುರಿ ಅಂಜನಾ ಮೂಗಿಗೆ ಸೆರಗು ಹಿಡಿದಳು. "ಆ ತಗಡು ಹೊರಗ ಒಗೀರಿ!" ಅವನು ಕೇಳದೆ ಅದನ್ನು ಗೋಡೆಗೆ ಆನಿಸಿಟ್ಟು, ಸ್ಕ್ರೂ ತರಲು ಊರ ನಡುವಿನ ಸೂಪರ್ ಮಾರ್ಕೆಟ್ ಪೇಟೆಗೆ ಹೋದ.

ಅಲ್ಲಿಗೇ ಅವಳ ಫೋನು ಬಂತು. "ಬ್ಯಾನಿ ಸುರು ಆಗ್ಯಾವ್ರೀ. ಲಗೂನ ಬರ್ರೀ."

ಆಟೋ ಹತ್ತಿ ಕೋಟನೂರ ಎಂದ. ಆಟೋ ನಿಂತದ್ದು ಹಳೇ ಸ್ಟೇಡಿಯಮ್ಮಿನ ಮುರುಕು ಗೇಟಿನ ಮುಂದೆ. ಬೈದು ಇಳಿದು ಇನ್ನೊಂದು ಹಿಡಿದ. ಮತ್ತೆ ಅದೇ ಗೇಟು. ಮ್ಯಾಪು ನೋಡುತ್ತ ಓಡಿದ. ಅದೇ ಗೇಟು! ಸ್ಕ್ರೂ ಪೊಟ್ಟಣವನ್ನು ನೆಲಕ್ಕೆ ಬಡಿದ. ನೆರೆಮನೆಯ ಲಲಿತಾಬಾಯಿ ಫೋನಿನಲ್ಲಿ ಚೀರಿದಳು: "ಕರದ ಗಾಡಿ ಒಂದೂ ಮನಿ ಮುಟ್ಟವಲ್ದು ಮಾಸ್ತರ! ಕೂಸು ಅಡ್ಡ ಅದ, ನನ್ನ ಕೈಲೆ ಆಗೂದಲ್ಲ!"

ನಡುಮಧ್ಯಾಹ್ನ. ಗೇಟಿನೊಳಗೆ ಮಾತ್ರ ಕಗ್ಗತ್ತಲೆ. ಸುಟ್ಟ ಕೂದಲಿನ ವಾಸನೆ. ಖಾಲಿ ಮೆಟ್ಟಿಲುಗಳಿಂದ ಸಾವಿರ ಜನರ ಕೇಕೆ. ಕಂಡಕ್ಟರನ ಸೀಟಿ. ಹತ್ತಿರ. ಇನ್ನೂ ಹತ್ತಿರ. ಕಿವಿಯಲ್ಲೇ.

ಮಸ್ತಾನಬಿಗೆ ಫೋನು ಹಚ್ಚಿದ.

"ಮೇಣ ಕಿತ್ತೇನು?"

"ತಪ್ಪಾತು. ನಿನ್ನ ಕಾಲ ಬೀಳ್ತೀನಿ, ದಾರಿ ಹೇಳಮ್ಮಾ."

"ಆ ಮನಿ ನಂದಲ್ಲ, ಆಕಿ ನನ್ನ ಹೇಣ್ತಿ ಅಲ್ಲ ಅಂತ ಮೂರು ಸಲ ಅನ್ನು. ದಾರಿ ಬಿಡ್ತದ. ಆದ್ರ ಅಂದಿದ್ದು ಅಂದಂಗ ಆಗ್ತದ, ಬೇಟಾ. ನನ್ನ ಗಂಡನ ಬಾಯಿಂದ ಆ ಮಾತು ಬರಲಿಲ್ಲ."

ಮೌನೇಶ ಅಂದ. ಎರಡನೇ ಸಲ ಕಣ್ಣು ಮುಚ್ಚಿ ಅಂದ. ಮೂರನೇ ಸಲ ಅಳುತ್ತ ಅಂದ. ಕೇಕೆ ನಿಂತಿತು. ಸಿಕ್ಕ ಆಟೋ ನೆಟ್ಟಗೆ ಮನೆಯ ಬಾಗಿಲಿಗೇ ಬಂತು.

ಲಲಿತಾಬಾಯಿ ಅಂಜನಾಳನ್ನು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಮೌನೇಶ ಹೆಂಡತಿಯ ಕೈ ಹಿಡಿದ. ಅಂಜನಾ ಬೆಚ್ಚಿ ಕೊಸರಿಕೊಂಡಳು.

"ಯಾರ್ರೀ ನೀವು?"

"ಯಾರರ ಇರ್ಲಿ ತಗೊ, ಗಾಡಿ ತಂದಾರ," ಎಂದು ಲಲಿತಾಬಾಯಿ ಅವಳನ್ನು ಹತ್ತಿಸಿದಳು. ಮೌನೇಶ ಆಟೋದಲ್ಲಿ ಕಾಲಿಟ್ಟರೆ ತಡೆದಳು. "ನೀವೆಲ್ಲಿಗ್ರೀ? ಹೆರಿಗಿ ಹೆಣ್ಮಗಳ ಜೋಡಿ?"

ಆಟೋ ಹೊರಟಿತು. ಬ್ಯಾನಿಯ ನಡುವೆಯೇ ಅಂಜನಾ ತಲೆ ಹೊರಹಾಕಿ ಕೈ ಮುಗಿದಳು.

"ಭಾಳ ಉಪಕಾರ ಆತ್ರೀ, ಅಣ್ಣಾರ."