ತನುಜಾಳಿಗೆ ಅರ್ಥ ಸಿಕ್ಕಿದೆಯಂತೆ

"ಕಣ್ಣು ಬಿಡಿ. ಬಿಟ್ಟು, ಬಂದ ದಾರಿಯಲ್ಲೇ ಹೊರಗೆ ನಡೀರಿ."

ತನುಜಾ ಜೋರಾಗಿ ಹೇಳಲಿಲ್ಲ. ಕೈಯಲ್ಲಿ ಕತ್ತಿ ಇದ್ದುದರಿಂದ ಜೋರಾಗಿ ಹೇಳುವ ಅಗತ್ಯವೂ ಇರಲಿಲ್ಲ.

ಬಾಳೂರಿನ ಅವಳ ಮೂರು ಎಕರೆ ರೊಬಸ್ಟಾ ಕಾಫಿ ತೋಟ ಆ ಮಾರ್ಚ್ ಬೆಳಿಗ್ಗೆ ಪೂರ್ತಿ ಅರಳಿತ್ತು. ಗಿಡಗಳ ನಡುವೆ ಬಿಳಿ ಬಟ್ಟೆ ತೊಟ್ಟ ಹತ್ತಿಪ್ಪತ್ತು ಜನ ಕಣ್ಣು ಮುಚ್ಚಿ ನಿಂತಿದ್ದರು. ಒಬ್ಬ ಹೆಂಗಸು ರೆಂಬೆಯನ್ನು ತಬ್ಬಿಕೊಂಡು ಅಳುತ್ತಿದ್ದಳು. ಅವಳು ಬಿಕ್ಕಿದಾಗಲೆಲ್ಲ ಹೂವು ಉದುರುತ್ತಿತ್ತು.

ಹೂ ಅರಳಿದ ದಿನ ರೊಬಸ್ಟಾ ತೋಟಕ್ಕೆ ಯಾರೂ ಇಳಿಯುವುದಿಲ್ಲ. ಆ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ್ದನ್ನು ಗಾಳಿ ತರಬೇಕು, ಜೇನು ತರಬೇಕು. ಆ ಕೆಲಸ ಮುಗಿಯುವವರೆಗೆ ತೋಟದ ಯಜಮಾನರೂ ಬೇಲಿಯಾಚೆಯೇ ನಿಲ್ಲುತ್ತಾರೆ.

ಗುಂಪಿನ ಮುಂದಾಳು ಸಣ್ಣ ಗಂಟೆ ಹಿಡಿದುಕೊಂಡು ಅವಳ ಬಳಿ ಬಂದ. ಬಿಳಿ ಜುಬ್ಬಾ, ತಿದ್ದಿದ ಗಡ್ಡ, ಯಾರನ್ನಾದರೂ ಕ್ಷಮಿಸಲು ಸಿದ್ಧವಾಗಿದ್ದ ಮುಖ. ಪಕ್ಕದ ಹೋಂಸ್ಟೇಯವರು ಇದು ತಮ್ಮದೇ ತೋಟ ಎಂದು ಹೇಳಿ ಕಳಿಸಿದ್ದರಂತೆ.

"ಗಾಬರಿಯಾಗ್ಬೇಡಿ ಮೇಡಂ. ನಮ್ಮದೂ ಕಾಫಿ ತೋಟವೇ. ಚಿಕ್ಕಂದಿನಿಂದ ಹೂವಿನೊಳಗೇ ಓಡಾಡಿದ್ದೀನಿ. ಏನೂ ಆಗಲ್ಲ."

"ಯಾವೂರು?"

"ಆಲ್ದೂರು."

"ಅರೇಬಿಕಾನಾ?"

"ಹೌದು."

"ಅದಕ್ಕೇ," ಎಂದಳು ತನುಜಾ.

ಅರೇಬಿಕಾ ತನ್ನ ಪಾಡಿಗೆ ತಾನೇ ಕಾಯಿ ಕಟ್ಟುತ್ತದೆ. ಅದರ ನಡುವೆ ಬೆಳೆದವನಿಗೆ ಈ ಎಚ್ಚರ ಬೇಕಾಗಿರಲಿಲ್ಲ. ಅಷ್ಟರಮಟ್ಟಿಗೆ ಅವನ ತಪ್ಪು ಅರ್ಥವಾಗುವಂಥದ್ದೇ. ಗೊತ್ತಿಲ್ಲದ್ದನ್ನೂ ಅಷ್ಟು ಸಮಾಧಾನದಿಂದ ಹೇಳಿದ್ದು ಮಾತ್ರ ಅವಳಿಗೆ ಸಹಿಸಲಾಗಲಿಲ್ಲ.

ಹೆಸರು ರೇಣುಕಪ್ರಸಾದ್. ಮೊದಲು ಚಿಕ್ಕಮಗಳೂರಿನಲ್ಲಿ ವಿಮೆ ಪಾಲಿಸಿ ಮಾರುತ್ತಿದ್ದ. ಸಾವಿನ ಭಯ ಹುಟ್ಟಿಸಿ ಸಾಕಾದ ಮೇಲೆ ಬದುಕಿನ ಅರ್ಥ ಹೇಳಿಕೊಡಲು ಹೊರಟಿದ್ದ. ಶಿಬಿರದ ಹೆಸರು 'ಅರ್ಥಯಾನ'. ಮೊದಲ ದಿನ ಮೌನ, ಎರಡನೇ ದಿನ ಅಳು, ಮೂರನೇ ದಿನ ಗ್ರೂಪ್ ಫೋಟೊ. ಬಂದವರು ಅರ್ಥ ಸಿಕ್ಕಿತೆಂದು ಬರೆದುಕೊಟ್ಟು, ಘಾಟಿ ಇಳಿಯುವ ಮುಂಚೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೋಗುತ್ತಿದ್ದರು. ದೋಸೆಯಾದರೂ ನಿಜವಾಗಿತ್ತು.

ಮರುದಿನ ಅವನು ಜುಬ್ಬಾ ಇಲ್ಲದೆ ಬಂದ, ಮಾಮೂಲಿ ಪ್ಯಾಂಟು ಷರಟಿನಲ್ಲಿ. ಯಾರನ್ನೋ ಕೇಳಿ ರೊಬಸ್ಟಾ ವಿಷಯ ತಿಳಿದುಕೊಂಡನಂತೆ. ತಪ್ಪಾಯಿತೆಂದ. ಅವಳ ಅಮ್ಮ ಶಂಕರಮ್ಮ ಒಳಗೆ ಕರೆದು ಕಾಫಿ ಕೊಟ್ಟರು. ಅವನು ಹೋದ ಮೇಲೆ, ಪಾಪ, ಒಳ್ಳೆಯ ಹುಡುಗ ಎಂದರು. ಒಳ್ಳೆಯವನಂತೆ ಕಾಣುವುದೇ ಅವನ ಬಂಡವಾಳ ಎಂದಳು ತನುಜಾ.

ಆದರೂ ಅವನು ಬರುತ್ತಲೇ ಇದ್ದ. ಹೂವಾದ ಕೆಲವು ವಾರಕ್ಕೆ ತೋಟಕ್ಕೆ ಇನ್ನೊಮ್ಮೆ ನೀರು ಕೊಡಬೇಕು. ಸ್ಪ್ರಿಂಕ್ಲರ್ ಪೈಪುಗಳನ್ನು ಸಾಲಿನಿಂದ ಸಾಲಿಗೆ ಹೊತ್ತು ಸಾಗಿಸುವ ಕೆಲಸಕ್ಕೆ ಆಳು ಸಿಕ್ಕಿರಲಿಲ್ಲ. ಅವನು ಹೆಗಲು ಕೊಟ್ಟ. ಮೊದಲ ದಿನ ಜೋಡಣೆ ಸಡಿಲ ಬಿಟ್ಟು, ನೀರು ಚಿಮ್ಮಿ, ತಲೆಯಿಂದ ಕಾಲಿನವರೆಗೆ ಒದ್ದೆಯಾದ.

"ಎಂತ ಮಾರಾಯ್ರೆ, ಇದೂ ಧ್ಯಾನವಾ?"

"ಇದು ಸ್ನಾನ," ಎಂದು ಅವನು ನಕ್ಕ. ಆ ನಗುವಿನಲ್ಲಿ ಶಿಬಿರದ ಮುಖ ಇರಲಿಲ್ಲ.

ಅವಳೂ ನಕ್ಕಳು. ನಕ್ಕಿದ್ದಕ್ಕೆ ತನ್ನ ಮೇಲೇ ಸಿಟ್ಟಾದಳು.

ಅವನ ಬೈಕು ಬಾರದ ದಿನಗಳಲ್ಲಿ ಅವಳ ಕಿವಿ ರಸ್ತೆಯ ಕಡೆಗೇ ಇರುತ್ತಿತ್ತು. ಛೇ… ಜನರನ್ನ ಅಳಿಸಿ ಹೊಟ್ಟೆ ಹೊರೆಯುವವನಿಗೆ ನಾನ್ಯಾಕೆ ಕಾಯಬೇಕು? ಎಂದು ಬೈದುಕೊಂಡಳು. ಬೈದುಕೊಂಡೇ ಕಾದಳು.

ಏಪ್ರಿಲ್ ಕೊನೆಯಲ್ಲಿ ಮೂಡಿಗೆರೆಯ ಗೆಳತಿ ಕುಸುಮಾ ಒಂದು ವಿಡಿಯೊ ಕಳಿಸಿದಳು. ಕೆಳಗೆ, 'ಏನೇ, ನಿನಗೆ ಅರ್ಥ ಸಿಕ್ಕಿದೆಯಂತೆ?' ಎಂದು ಬರೆದಿದ್ದಳು.

ವಿಡಿಯೊದಲ್ಲಿ ರೇಣುಕಪ್ರಸಾದ್ ಜುಬ್ಬಾ ತೊಟ್ಟು ಕೂತಿದ್ದ. ಹೆಸರು ಹೇಳಿರಲಿಲ್ಲ. ಬಾಳೂರಿನ ಬೆಟ್ಟದಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ, ಮೂರು ಎಕರೆ ತೋಟದಲ್ಲೇ ಬದುಕಿನ ಅರ್ಥ ಕಂಡುಕೊಂಡಿದ್ದಾಳೆ, ಅವಳಿಗೆ ಇನ್ನೇನೂ ಬೇಡ, ಅವಳಲ್ಲಿ ಪ್ರಶ್ನೆಗಳೇ ಇಲ್ಲ ಎನ್ನುತ್ತಿದ್ದ. ಕೇಳುತ್ತಿದ್ದವರು ಕಣ್ಣು ಒರೆಸಿಕೊಳ್ಳುತ್ತಿದ್ದರು.

ತನುಜಾ ಅದನ್ನು ಎರಡು ಸಲ ನೋಡಿದಳು. ಪೈಪು ಹೊರಲು ಬಂದಿದ್ದು ಇದಕ್ಕಾ? ಸರಕು ಹುಡುಕಲು?

ಬರೀ ಸಿಟ್ಟಾಗಿದ್ದರೆ ಎರಡನೇ ಸಲ ನೋಡುತ್ತಿರಲಿಲ್ಲ…

ಅಂದು ಶಿಬಿರದ ಎರಡನೇ ದಿನ, ಅಂದರೆ ಅಳುವ ದಿನ. ಅವಳು ಕೆಸರು ಮೆಟ್ಟಿದ ಗಂಬೂಟಿನಲ್ಲೇ ಹೋಂಸ್ಟೇ ಹಾಲಿಗೆ ನುಗ್ಗಿದಳು. ವೃತ್ತಾಕಾರವಾಗಿ ಕೂತಿದ್ದವರು ತಲೆಯೆತ್ತಿದರು. ರೇಣುಕಪ್ರಸಾದ್ ಎದ್ದು ನಿಂತ.

"ಇವರು ಹೇಳುವ ಆ ಹೆಣ್ಣುಮಗಳು ನಾನೇ," ಎಂದಳು ತನುಜಾ. "ನನಗೆ ಯಾವ ಅರ್ಥವೂ ಸಿಕ್ಕಿಲ್ಲ. ಡಿಗ್ರಿ ಮುಗಿಸಿ ಮಂಗಳೂರಿನಲ್ಲಿ ಬಿ.ಪಿ.ಎಡ್ ಸೀಟು ಸಿಕ್ಕಿತ್ತು. ವಾಲಿಬಾಲ್ ಆಡ್ತಿದ್ದೆ. ಪಿ.ಟಿ. ಟೀಚರ್ ಆಗಬೇಕಿತ್ತು. ಹೋಗೋ ಮುಂಚೆ ಅಪ್ಪ ತೀರಿಹೋದ್ರು. ತೋಟ ನೋಡೋಕೆ ಬೇರೆ ಜನ ಇರಲಿಲ್ಲ, ಅದಕ್ಕೆ ಉಳಿದೆ. ನೀನು ಇರ್ತೀಯಾ ಅಂತ ಒಬ್ಬರೂ ಕೇಳಲಿಲ್ಲ. ಇವರೂ ಕೇಳಲಿಲ್ಲ. ಅಷ್ಟು ದಿನ ಜೊತೆಗೆ ಪೈಪು ಹೊತ್ತರಲ್ಲ, ಆಗಲೂ ಕೇಳಲಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು.

ಇದೂ ಕಾರ್ಯಕ್ರಮದಲ್ಲಿದೆ ಎಂದುಕೊಂಡಿದ್ದರು. ದುಡ್ಡು ಕೊಟ್ಟು ಬಂದವರಿಗೆ ಎದುರಿಗೆ ನಿಂತ ಮನುಷ್ಯರೆಲ್ಲ ಕಾರ್ಯಕ್ರಮವೇ. ಮುಂದಿನ ಸಾಲಿನವನೊಬ್ಬ, ತುಂಬಾ ಪವರ್‌ಫುಲ್ ಆಗಿತ್ತು ಎಂದ.

"ಇದು ಶಿಬಿರದ ಭಾಗವಲ್ಲ," ಎಂದ ರೇಣುಕಪ್ರಸಾದ್. "ಅವರು ಹೇಳಿದ್ದು ನಿಜ. ನಾನು ನಿಮಗೆ ಹೇಳಿದ್ದು ಸುಳ್ಳು."

ಅದಕ್ಕೂ ಚಪ್ಪಾಳೆ ಬಿತ್ತು.

ತನುಜಾ ತಿರುಗಿ ನಡೆದಳು. ಹಿಂದೆ ಅವನು ಕರೆದದ್ದು ಕೇಳಿಸಿತು. ನಿಲ್ಲಲಿಲ್ಲ.

ಮುಂದಿನ ದಿನಗಳು ಅವಳಿಗೆ ಕಷ್ಟವಾದವು. ಅವನು ಬರಲಿಲ್ಲ ಎನ್ನುವುದು ಒಂದು ನೋವು. ಇನ್ನೊಂದು, ತಾನು ಆ ಜನರ ಮುಂದೆ ಹೇಳಿದ್ದೆಲ್ಲ ತನ್ನ ಬಾಯಿಂದ ಮೊದಲ ಬಾರಿಗೆ ಬಂದದ್ದು ಎನ್ನುವುದು. ಅರ್ಥ ಹುಡುಕಿ ಬಂದವರನ್ನೆಲ್ಲ ಇಷ್ಟು ದಿನ ಹೀಗಳೆದದ್ದು ಎಂತಕ್ಕೆ? ಅವರು ಹುಚ್ಚರು, ಸರಿ. ಆದರೆ ಹುಚ್ಚುಹುಚ್ಚಾಗಿಯಾದರೂ ಅವರು ತಮ್ಮನ್ನು ತಾವೇ ಒಂದು ಪ್ರಶ್ನೆ ಕೇಳಿಕೊಂಡಿದ್ದರು. ತಾನು ಅದನ್ನೂ ಮಾಡಿರಲಿಲ್ಲ.

ಕೊನೆಗೆ ಅಮ್ಮನಿಗೆ ಹೇಳಿದಳು. ಮಂಗಳೂರಿಗೆ ಹೋಗಿ ಕಾಲೇಜಿನಲ್ಲಿ ವಿಚಾರಿಸಿ ಬರುತ್ತೇನೆ, ಸೀಟು ಸಿಕ್ಕರೆ ಓದು ಮುಗಿಯುವವರೆಗೆ ತೋಟವನ್ನು ಚಿಕ್ಕಪ್ಪ ಧರ್ಮೇಶ್‌ಗೆ ಗುತ್ತಿಗೆಗೆ ಕೊಡೋಣ ಎಂದು. ನೀನೇ ಇಷ್ಟಪಟ್ಟು ಉಳಿದಿದ್ದೀಯ ಅಂದುಕೊಂಡಿದ್ದೆ ಮಗಾ ಎಂದರು ಶಂಕರಮ್ಮ.

ಮಂಗಳೂರು ಬಸ್ಸಿಗೆ ಕೊಟ್ಟಿಗೆಹಾರದಲ್ಲಿ ಕಾಯುತ್ತಿದ್ದಾಗ ಆ ಬೈಕಿನ ಸದ್ದು ಕೇಳಿಸಿತು. ಈ ಸಲ ಅವಳು ಅದು ಕೇಳಿಸದಂತೆ ನಟಿಸಲಿಲ್ಲ.

ಅವಳ ಮನೆಗೆ ಹೋಗಿದ್ದನಂತೆ, ಅವಳು ಇಲ್ಲಿರುವುದನ್ನು ಅಮ್ಮ ಹೇಳಿದರಂತೆ. ವಿಡಿಯೊ ಅಳಿಸಿದ್ದ. ಶಿಬಿರ ನಿಲ್ಲಿಸಿ ಆಲ್ದೂರಿನಲ್ಲಿ ಸೋದರಮಾವನ ಕಾಫಿ ಮಂಡಿಗೆ ಸೇರಿದ್ದ. ಇದನ್ನೆಲ್ಲ ಅವನು ತ್ಯಾಗದಂತೆ ಹೇಳಿದ್ದರೆ ಅವಳು ಅಲ್ಲೇ ಬೆನ್ನು ತಿರುಗಿಸುತ್ತಿದ್ದಳು. ಹಾಗೆ ಹೇಳಲಿಲ್ಲ.

"ಒಬ್ಬರಿಗಾದ್ರೂ ಆ ಅರ್ಥ ಸಿಕ್ಕಿದೆ ಅಂತ ನಂಬಬೇಕಿತ್ತು ನನಗೆ," ಎಂದ. "ನನಗಂತೂ ಸಿಕ್ಕಿರಲಿಲ್ಲ. ನಿಮ್ಮನ್ನ ನೋಡಿದಾಗ, ಇವರಿಗೆ ಸಿಕ್ಕಿರಬೇಕು ಅನ್ನಿಸ್ತು. ಕೇಳಿದ್ರೆ ಎಲ್ಲಿ ಇಲ್ಲ ಅಂತೀರೋ ಅಂತ ಕೇಳಲಿಲ್ಲ."

ತನುಜಾ ಅವನ ಮುಖ ನೋಡಿದಳು. ಗಡ್ಡ ಅಡ್ಡಾದಿಡ್ಡಿ ಬೆಳೆದಿತ್ತು. ಇವನು ಹೆದರಿದ್ದಾನೆ… ನನ್ನ ಹಾಗೆಯೇ.

"ಈಗ ಎಂತಕ್ಕೆ ಬಂದ್ರಿ? ನಾನು ಅಲ್ಲೇ ಉಳಿದುಬಿಡಬಹುದು. ಈ ವಯಸ್ಸಿಗೆ ಎಂತ ಓದು ಅಂತ ನಾಳೆಯೇ ವಾಪಸ್ ಬರಲೂಬಹುದು. ನನಗೇ ಗೊತ್ತಿಲ್ಲ."

"ಎರಡರಲ್ಲಿ ಯಾವುದಾದ್ರೂ ನಿಮ್ಮನ್ನ ಇಷ್ಟಪಡ್ತೀನಿ. ಅದನ್ನ ಹೇಳಿ ಹೋಗೋಣ ಅಂತ ಬಂದೆ. ಯಾಕೆ ಅಂತ ಕೇಳ್ಬೇಡಿ, ಭಾಷಣ ಆಗಿಬಿಡತ್ತೆ."

ಅವಳಿಗೆ ನಗು ಬಂತು. ಕಣ್ಣೂ ತುಂಬಿತು. ಎರಡನ್ನೂ ಅವನಿಂದ ಮರೆಮಾಡಲು ಬಸ್ಸಿನ ಕಡೆ ತಿರುಗಿದಳು. ಬಸ್ಸು ಬಂದೇಬಿಟ್ಟಿತ್ತು.

ಹತ್ತಿ ಕಿಟಕಿಯ ಬಳಿ ಕೂತಳು. ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟಳು. ಅವನು ಕೆಳಗೇ ನಿಂತಿದ್ದ. ಕಂಡಕ್ಟರ್ ಸೀಟಿ ಊದುವ ಮುಂಚೆ ಅವಳು ಬ್ಯಾಗನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು.

"ನಾನೂ ಇಷ್ಟಪಟ್ಟಿದ್ದೀನಿ ಮಾರಾಯ್ರೆ, ಏನು ಮಾಡೋದು. ಬರೋದಾದ್ರೆ ಬನ್ನಿ. ಘಾಟಿ ಇಳಿಯೋವರೆಗೆ ಬದುಕಿನ ಬಗ್ಗೆ ಒಂದು ಮಾತೂ ಆಡಬಾರದು."

ಅವನು ಬೈಕಿನ ಕೀ ಹೋಟೆಲಿನವರ ಕೈಗೆ ಕೊಟ್ಟು ಓಡಿಬಂದು ಹತ್ತಿದ. ಮೂರನೇ ತಿರುವಿನಲ್ಲಿ ಅವಳ ಕಡೆ ತಿರುಗಿದ.

"ವಾಲಿಬಾಲ್‌ನಲ್ಲಿ ನೀವು ಯಾವ ಜಾಗದಲ್ಲಿ ಆಡ್ತಿದ್ರಿ?"

ಇದನ್ನು ಯಾರೂ ಕೇಳದೆ ಎಷ್ಟು ವರ್ಷವಾಗಿತ್ತೋ.

"ನೆಟ್ ಹತ್ತಿರ. ಹೊಡೆಯೋದು ನನ್ನ ಕೆಲಸ."

"ನೋಡಿದ್ರೆ ಗೊತ್ತಾಗತ್ತೆ," ಎಂದ ಅವನು.

ಅವಳು ಅವನ ಭುಜಕ್ಕೆ ಒಂದು ಏಟು ಕೊಟ್ಟಳು. ಕೊಟ್ಟ ಕೈಯನ್ನು ಅಲ್ಲೇ ಬಿಟ್ಟಳು.