ಉಪ್ಪುನೀರಿನ ಬಾಟಲಿ

ಮಾರ್ಚ್ 11, ಬುಧವಾರ, ಬೆಳಗ್ಗೆ 9 ಗಂಟೆ 40 ನಿಮಿಷ. ಠಾಣೆಗೆ ಬಂದ ಹೆಂಗಸು ಕೂರುವ ಮೊದಲೇ ಒಂದು ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲಿಟ್ಟಳು. ಒಳಗೆ ನೀಲಿ ಕರವಸ್ತ್ರ. ಅದರ ತುಂಬ ಬಿಳಿ ಕಲೆ.

"ಇದು ನನ್ನ ತಂಗೀದು. ಮೊನ್ನೆ ಸೋಮವಾರ ಹಲ್ಲಿನ ಡಾಕ್ಟರ ಹತ್ರ ರೂಟ್ ಕೆನಾಲ್ ಮಾಡಿಸ್ಕೊಳ್ಳೋಕೆ ಹೋದಾಗ ಇದರಲ್ಲೇ ಬಾಯಿ ಒರೆಸ್ಕೊಂಡಿದ್ದು. ನಾನು ಆಸ್ಪತ್ರೆ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಟ್ಟೆ ಒಗೀತಿದೀನಿ ಸರ್. ಈ ಕಲೆ ಯಾವುದರದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬ್ಲೀಚು."

ಇನ್‌ಸ್ಪೆಕ್ಟರ್ ಚೀಲದ ಬಾಯಿ ಬಿಚ್ಚಿ ಮೂಸಿದರು. ಎರಡು ದಿನ ಕಳೆದರೂ ವಾಸನೆ ಹೋಗಿರಲಿಲ್ಲ.

"ತಂಗಿ ಈಗ ಎಲ್ಲಿದ್ದಾರೆ?"

"ದೊಡ್ಡಾಸ್ಪತ್ರೆಯಲ್ಲಿ. ಎಡಗಡೆ ಮುಖ ಊದಿಕೊಂಡು ಕಣ್ಣೇ ಮುಚ್ಚಿಹೋಗಿದೆ. ಕೆನ್ನೆ ಒಳಗಡೆ ಮಾಂಸ ಕಪ್ಪಗಾಗಿದೆ, ಕೊಯ್ದು ತೆಗೀಬೇಕು ಅಂದ್ರು."

"ಏನು ಕೆಲಸ ಅವರದು?"

"ಬಸ್ ಸ್ಟ್ಯಾಂಡಲ್ಲಿ ಮೈಕಿನಲ್ಲಿ ಹೇಳ್ತಾಳಲ್ಲ, ಯಾವ ಬಸ್ಸು ಎಷ್ಟನೇ ನಂಬರಿಗೆ ಬರುತ್ತೆ ಅಂತ, ಅವಳೇ." ಇಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಇಲ್ಲಿ ತಗ್ಗಿತು. "ಈಗ ನೀರು ಕುಡಿದ್ರೆ ತುಟಿ ಸಂದಿಯಿಂದ ಸೋರುತ್ತೆ. ಸೋರ್ತಿದೆ ಅಂತ ಅವಳಿಗೆ ಗೊತ್ತೂ ಆಗಲ್ಲ. ನಾನು ಒರೆಸ್ತೀನಿ. ಇದನ್ನ ಯಾರು ಮಾಡಿದ್ದು ಅಂತ ನನಗೆ ತಿಳೀಬೇಕು ಸರ್, ಅಷ್ಟೇ."

10 ಗಂಟೆ 25 ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಬರೆದುಕೊಂಡ ಹೆಡ್ ಕಾನ್‌ಸ್ಟೇಬಲ್ ತಮ್ಮ ದವಡೆಯನ್ನೊಮ್ಮೆ ಸವರಿಕೊಂಡರು. ಮುಂದಿನ ವಾರ ಅವರಿಗೂ ರೂಟ್ ಕೆನಾಲ್ ಇತ್ತು.

"ಸರ್, ನನ್ನ ಹಲ್ಲುನೋವು ಈಗ ತಾನೇ ವಾಸಿ ಆಯ್ತು," ಎಂದರು.

ಕ್ಲಿನಿಕ್ಕು ಸ್ಟೇಷನರಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. 12 ಗಂಟೆ 15 ನಿಮಿಷಕ್ಕೆ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಆರಂಭವಾಯಿತು. ಚಿಕಿತ್ಸೆಯ ಕೋಣೆಯಲ್ಲಿ ಎರಡು ಕುರ್ಚಿ. ಒಂದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಹೊದಿಕೆಯ ಮೇಲೆ ದೂಳು. ಗೋಡೆಯ ಕಪಾಟಿನಲ್ಲಿ 'ಸೋಡಿಯಂ ಹೈಪೋಕ್ಲೋರೈಟ್' ಎಂಬ ಚೀಟಿಯ ಕಂದು ಬಾಟಲಿ, ಮುಕ್ಕಾಲು ತುಂಬಿತ್ತು. ಹಲ್ಲಿನ ಬೇರನ್ನು ತೊಳೆಯುವ ದ್ರವ ಅದು. ಹೆಸರು ಉದ್ದವಾದರೂ ವಸ್ತು ಬ್ಲೀಚೇ. ಬಾಟಲಿಯನ್ನು ಮುಚ್ಚಳ ತೆರೆಯದೆ ಅರಗು ಹಾಕಿ ಮುದ್ರೆ ಒತ್ತಿ ವಶಪಡಿಸಿಕೊಂಡರು.

ಡಾಕ್ಟರಿಗೆ ಅರವತ್ತೆರಡು. ಇಸ್ತ್ರಿ ಮಾಡಿದ ಬಿಳಿ ಕೋಟು, ತಗ್ಗಿದ ಮಾತು.

"ಸೋಮವಾರ ಏನಾಯ್ತು?"

"ಸಿರಿಂಜಿನಿಂದ ತೊಳೀತಿದ್ದೆ. ಆಕೆ ಒಮ್ಮೆಲೇ ಕಿರುಚಿದ್ರು. ಕಣ್ಣೆದುರೇ ಕೆನ್ನೆ ಊದಿಕೊಳ್ತು. ನೀರಿನಿಂದ ತೊಳೆದೆ, ಐಸ್ ಇಟ್ಟೆ, ಆಸ್ಪತ್ರೆಗೆ ಕಳಿಸಿದೆ."

"ಸಿರಿಂಜಿಗೆ ದ್ರವ ತುಂಬಿದ್ದು ಯಾರು?"

"ತುಂಬೋದು ಯಾವಾಗಲೂ ನಮ್ಮ ಸಹಾಯಕಿ."

ಪಂಚನಾಮೆಗೆ ಸಹಿ ಹಾಕುವಾಗ ಡಾಕ್ಟರು ಪೆನ್ನನ್ನು ಹಿಡಿದ ಬೆರಳುಗಳನ್ನೇ ನೋಡುತ್ತಿದ್ದರು. ಬಲ ಹೆಬ್ಬೆರಳಿನ ತುದಿಯಲ್ಲಿ ಸುಟ್ಟ ಬೊಬ್ಬೆಯೊಂದು ಒಡೆದು ಹಸಿಯಾಗಿತ್ತು.

"ಅದೇನು ಡಾಕ್ಟ್ರೇ?"

ಅವರು ಬೆರಳನ್ನು ತಿರುಗಿಸಿ ಆಗಷ್ಟೇ ನೋಡಿದಂತೆ ನೋಡಿದರು. "ಸ್ಪಿರಿಟ್ ದೀಪ ಇರಬೇಕು," ಎಂದರು.

ಸಹಾಯಕಿಗೆ ನಲವತ್ತೈದರ ಮೇಲಾಗಿತ್ತು. ಹದಿನಾರು ವರ್ಷದಿಂದ ಅಲ್ಲೇ ಕೆಲಸ. ಕೇಳಿದ್ದಕ್ಕೆಲ್ಲ ಒಂದೇ ಮಾತು: "ಸಿರಿಂಜು ತುಂಬಿದ್ದು ನಾನೇ. ತಪ್ಪೆಲ್ಲ ನಂದೇ ಅಂತ ಬರ್ಕೊಳ್ಳಿ."

ಮೆಟ್ಟಿಲಿಳಿಯುತ್ತ ಹೆಡ್ ಕಾನ್‌ಸ್ಟೇಬಲ್, "ಸರ್, ಕೇಸು ಒಂದೇ ದಿನಕ್ಕೆ ಮುಗಿದ ಹಾಗಾಯ್ತು," ಎಂದರು.

"ಅವಳು ಒಪ್ಕೊಳ್ಳೋ ಅವಸರ ನೋಡಿದ್ರೆ ಇನ್ನೂ ಶುರುವಾಗಿಲ್ಲ ಅನ್ಸುತ್ತೆ," ಎಂದರು ಇನ್‌ಸ್ಪೆಕ್ಟರ್.

ಮಾರ್ಚ್ 17, ಮಂಗಳವಾರ. ಪ್ರಯೋಗಾಲಯದ ವರದಿ ಬಂತು. ಕರವಸ್ತ್ರದ ಮೇಲಿದ್ದದ್ದು ಬ್ಲೀಚ್. ಕಂದು ಬಾಟಲಿಯಲ್ಲಿದ್ದದ್ದು ಉಪ್ಪುನೀರು. ರೋಗಿಗಳಿಗೆ ಹನಿಹನಿಯಾಗಿ ಏರಿಸುವ ಸಲೈನ್, ಬೇರೇನೂ ಅಲ್ಲ.

"ಆಮೇಲೆ ಬದಲಾಯಿಸಿದ್ದಾಳೆ ಸರ್. ಸಾಕ್ಷ್ಯನಾಶದ ಕಲಮನ್ನೂ ಸೇರಿಸ್ಬೇಕು," ಎಂದರು ಹೆಡ್ ಕಾನ್‌ಸ್ಟೇಬಲ್.

ಇನ್‌ಸ್ಪೆಕ್ಟರ್ ಏನನ್ನೂ ಸೇರಿಸಲಿಲ್ಲ. ಮರುದಿನ ಬೆಳಗ್ಗೆ 10 ಗಂಟೆಗೆ ದಂತವೈದ್ಯ ಕಾಲೇಜಿನ ಪ್ರಾಧ್ಯಾಪಕಿಯ ಎದುರು ಕುಳಿತರು.

"ಬಾಯಿಗೆ ಬ್ಲೀಚ್ ಹಾಕೋದೇ ತಪ್ಪಲ್ವಾ ಮೇಡಂ?"

"ತಪ್ಪಲ್ಲ. ಹಲ್ಲಿನ ಬೇರಲ್ಲಿ ಕೂದಲೆಳೆಯಷ್ಟು ದಾರಿ ಇರುತ್ತೆ. ಅದರೊಳಗೆ ನರ ಕೊಳೆತು ಕೀವಾಗಿರುತ್ತೆ. ಅದನ್ನ ಕರಗಿಸೋದಕ್ಕೆ ಇದರಷ್ಟು ಒಳ್ಳೇದು ಇನ್ನೊಂದಿಲ್ಲ. ಆದ್ರೆ ಸತ್ತ ಮಾಂಸ ಯಾವುದು, ಬದುಕಿರೋದು ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಬೇರಿನ ತುದಿ ದಾಟಿತೋ, ಎದುರಿಗೆ ಸಿಕ್ಕಿದ್ದನ್ನೆಲ್ಲ ಕರಗಿಸುತ್ತೆ."

"ಉಪ್ಪುನೀರು ದಾಟಿದ್ರೆ?"

"ಸ್ವಲ್ಪ ನೋವಾಗಬಹುದು, ಊತ ಬರಬಹುದು. ಮಾಂಸ ಸುಡೋದಿಲ್ಲ. ಆದ್ರೆ ಅದರಲ್ಲಿ ಕೀವಿನ ಕ್ರಿಮಿಯೂ ಸಾಯೋದಿಲ್ಲ."

"ಬ್ಲೀಚು ತುದಿ ದಾಟದ ಹಾಗೆ ಹೇಗೆ ನೋಡ್ಕೊಳ್ತೀರಿ?"

ಆಕೆ ಡ್ರಾಯರಿನಿಂದ ಸಿರಿಂಜೊಂದನ್ನು ತೆಗೆದು ಅವರ ಕೈಗಿತ್ತರು. "ಸೂಜಿ ಬೇರಿನೊಳಗೆ ಸಿಕ್ಕಿಹಾಕ್ಕೊಂಡ್ರೆ ದ್ರವಕ್ಕೆ ವಾಪಸು ಬರೋಕೆ ದಾರಿ ಇರಲ್ಲ, ಮುಂದಕ್ಕೇ ನುಗ್ಗುತ್ತೆ. ಸಿಕ್ಕಿದೆ ಅಂತ ಮೊದಲು ಗೊತ್ತಾಗೋದು ಇಲ್ಲಿ." ಸಿರಿಂಜಿನ ಹಿಂದಿದ್ದ ಅವರ ಹೆಬ್ಬೆರಳನ್ನು ಮುಟ್ಟಿ ತೋರಿಸಿದರು. "ಬಿಗಿ ಅನ್ಸಿದ ಕೂಡಲೇ ನಿಲ್ಲಿಸ್ಬೇಕು. ಕಣ್ಣಿಗೆ ಕಾಣೋ ಅಂಥದ್ದಲ್ಲ ಅದು."

ಇನ್‌ಸ್ಪೆಕ್ಟರ್ ಸಿರಿಂಜನ್ನು ಮೆಲ್ಲನೆ ಒತ್ತಿ ನೋಡಿದರು. ಒಡೆದ ಬೊಬ್ಬೆಯೊಂದಿಗೆ ಶಾಂತವಾಗಿ ಸಹಿ ಹಾಕಿದ ಇನ್ನೊಂದು ಹೆಬ್ಬೆರಳು ಅವರ ಕಣ್ಣಮುಂದೆ ಬಂತು.

ಅದೇ ದಿನ ಸಂಜೆ 4 ಗಂಟೆಗೆ ಸಹಾಯಕಿಯನ್ನು ಠಾಣೆಗೆ ಕರೆಸಿದರು. ಮಹಿಳಾ ಕಾನ್‌ಸ್ಟೇಬಲ್ ನೀರು ತಂದಿಟ್ಟಳು.

"ಬಾಟಲಿಯಲ್ಲಿ ಉಪ್ಪುನೀರಿತ್ತು. ಹಾಕಿದ್ದು ಯಾರಮ್ಮ?"

"ನಾನೇ."

"ಯಾವಾಗ?"

ಸೋಮವಾರ ಸಂಜೆ ಎನ್ನುವ ಉತ್ತರಕ್ಕೆ ಹೆಡ್ ಕಾನ್‌ಸ್ಟೇಬಲ್ ಪೆನ್ನು ಹಿಡಿದು ಕಾದಿದ್ದರು.

"ಎಂಟು ತಿಂಗಳಾಯ್ತು," ಎಂದಳು.

ಪೆನ್ನು ಅಲ್ಲೇ ನಿಂತಿತು.

"ಅವರಿಗೆ ಸಕ್ಕರೆ ಕಾಯಿಲೆ ಸರ್. ಬೆರಳಲ್ಲಿ ಸ್ಪರ್ಶ ಹೋಗಿದೆ. ಬಿಸಿ ಗೊತ್ತಾಗಲ್ಲ, ಚುಚ್ಚಿದ್ದು ಗೊತ್ತಾಗಲ್ಲ. ಒಂದ್ಸಲ ಹೇಳಿದೆ, ಡಾಕ್ಟ್ರೇ, ಕೈ ತೋರಿಸ್ಕೊಳ್ಳಿ ಅಂತ. 'ಯಾಕಮ್ಮ, ನನ್ನ ಕೈಯೇನು ಕಳ್ಳತನ ಮಾಡ್ತಾ' ಅಂತ ನಕ್ಕುಬಿಟ್ರು. ಆಮೇಲೊಂದಿನ ಸೂಜಿ ಸಿಕ್ಕಿಹಾಕ್ಕೊಂಡಿದ್ರೂ ಒತ್ತುತ್ತಾನೇ ಇದ್ರು. ಪುಣ್ಯಕ್ಕೆ ಸೂಜಿ ಕಳಚಿ ಬಿತ್ತು, ದ್ರವ ಕೋಟಿನ ಮೇಲೆ ಚೆಲ್ತು. ಮಾರನೇ ದಿನದಿಂದ ಬಾಟಲಿ ಖಾಲಿ ಮಾಡಿ ಉಪ್ಪುನೀರು ತುಂಬಿಡೋಕೆ ಶುರು ಮಾಡಿದೆ. ಎಷ್ಟು ಒತ್ತಿದ್ರೂ ಯಾರಿಗೂ ಸುಡಬಾರದು ಅಂತ."

"ಇದನ್ನ ಯಾರಿಗಾದ್ರೂ ಹೇಳಬಹುದಿತ್ತಲ್ಲ."

"ಹೇಳಿದ್ರೆ ಕ್ಲಿನಿಕ್ ಮುಚ್ಚಿಸ್ತಿದ್ರು. ಮುಚ್ಚಿದ್ರೆ ಅವರು ಉಳೀತಿರಲಿಲ್ಲ ಸರ್. ಹೊದಿಕೆ ಹಾಕಿರೋ ಆ ಕುರ್ಚಿ ಅವರ ಮಗಳದು. ಅವಳೂ ಹಲ್ಲಿನ ಡಾಕ್ಟರೇ. ಓದು ಮುಗಿಸಿ ಬಂದು ಅದರ ಹತ್ರ ನಿಂತಿದ್ದು ಹನ್ನೊಂದೇ ದಿನ. ಜ್ವರ ಅಂತ ಮಲಗಿದವಳು ಏಳಲಿಲ್ಲ. ಮೂರು ವರ್ಷ ಆಯ್ತು. ಕಾರ್ಯ ಮುಗಿದ ಮಾರನೇ ಬೆಳಗ್ಗೆ ಇವರು ಕ್ಲಿನಿಕ್ಕಿಗೆ ಬಂದು ಕೂತ್ರು."

ಇನ್‌ಸ್ಪೆಕ್ಟರ್, "ಈ ಎಂಟು ತಿಂಗಳಲ್ಲಿ ಉಪ್ಪುನೀರಲ್ಲಿ ತೊಳೆದ ಹಲ್ಲುಗಳ ಗತಿ?" ಎಂದು ಕೇಳಿದರು.

ಅವಳು ತಲೆ ತಗ್ಗಿಸಿದಳು. "ಬರ್ತಾರೆ ಸರ್, ಮತ್ತೆ ಊದಿಸ್ಕೊಂಡು. ಒಬ್ಬರು ಮೇಷ್ಟ್ರು ಮೂರು ಸಲ ಬಂದ್ರು. ಮುಖ ನೋಡೋಕಾಗದೆ ಒಳಗೆ ಹೋಗಿ ನಿಂತ್ಕೊಳ್ತಿದ್ದೆ. ಮಾಂಸಾನೂ ಸುಡಬಾರದು, ಕೀವೂ ಸಾಯಬೇಕು. ಅಂಥ ನೀರು ನನ್ನ ಹತ್ರ ಇರಲಿಲ್ಲ."

"ಹಾಗಾದ್ರೆ ಸೋಮವಾರ ಬ್ಲೀಚು ಎಲ್ಲಿಂದ ಬಂತು?"

"ಗೊತ್ತಿಲ್ಲ ಸರ್. ದಿನಾ ತುಂಬೋ ಹಾಗೇ ತುಂಬಿಟ್ಟಿದ್ದೆ. ಎಕ್ಸ್‌ರೇ ತಗೊಂಡು ಬಾ ಅಂತ ಕಳಿಸಿದ್ರು. ಪಕ್ಕದ ಕೋಣೆಯಿಂದ ಬರೋದ್ರೊಳಗೆ ಕಿರುಚಿದ್ದು ಕೇಳಿಸ್ತು."

"ಮತ್ತೆ ತಪ್ಪು ನಿಂದೇ ಅಂತ ಯಾಕೆ ಹೇಳ್ದೆ?"

"ಸೂಜಿ ಕಳಚಿದ ದಿನಾನೇ ಬಾಯಿಬಿಟ್ಟಿದ್ರೆ ಆ ಹುಡುಗಿ ಕೆನ್ನೆ ಉಳೀತಿತ್ತಲ್ಲ ಸರ್."

ಮಾರ್ಚ್ 19, ಗುರುವಾರ, ಬೆಳಗ್ಗೆ 10 ಗಂಟೆ 30 ನಿಮಿಷ. ಶೋಧನಾ ವಾರಂಟಿನೊಂದಿಗೆ ಕ್ಲಿನಿಕ್ಕಿಗೆ ಹೋದರು. ಡಾಕ್ಟರ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಇನ್ನೊಂದು ಕಂದು ಬಾಟಲಿ ಸಿಕ್ಕಿತು. ಕಂಪನಿಯ ಸೀಲು ಒಡೆದಿತ್ತು. ದ್ರವ ಎರಡು ಬೆರಳಷ್ಟು ಕಡಿಮೆ ಇತ್ತು. ಮುಚ್ಚಳ ತೆಗೆದ ಹೆಡ್ ಕಾನ್‌ಸ್ಟೇಬಲ್ ಮುಖ ಹಿಂದಕ್ಕೆಳೆದುಕೊಂಡರು.

"ಡಾಕ್ಟ್ರೇ, ಒಂದು ನಿಮಿಷ ಕಣ್ಣು ಮುಚ್ಚಿ, ಬಲಗೈ ಚಾಚಿ," ಎಂದರು ಇನ್‌ಸ್ಪೆಕ್ಟರ್. "ಬೆರಳ ಮೇಲೆ ಒಂದು ವಸ್ತು ಇಡ್ತೀನಿ. ಏನು ಅಂತ ಹೇಳಿ."

ಡಾಕ್ಟರು ಕಣ್ಣು ಮುಚ್ಚಿದರು. ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು.

"ಇಡಿ," ಎಂದರು.

"ಇಟ್ಟು ಆಗಲೇ ಒಂದು ನಿಮಿಷ ಆಯ್ತು."

ಕಣ್ಣು ತೆರೆದರು. ಹೆಬ್ಬೆರಳಿನ ತುದಿಯ ಮೇಲೆ ಕಾಗದಕ್ಕೆ ಹಾಕುವ ಕ್ಲಿಪ್ಪು ಇತ್ತು. ಅದನ್ನು ಬೀಳಿಸದೆ ಜೋಪಾನವಾಗಿ ಮೇಜಿನ ಮೇಲಿಟ್ಟರು.

"ಮೊದಲ ದಿನ ಯಾರು ತುಂಬಿದ್ದು ಅಂತ ಕೇಳಿದಾಗ 'ಯಾವಾಗಲೂ ಅವಳೇ' ಅಂದ್ರಿ. ಸೋಮವಾರ ಯಾರು ಅಂತ ಹೇಳಲಿಲ್ಲ."

"ನಾನೇ." ಡಾಕ್ಟರು ನೆಲ ನೋಡುತ್ತ ಹೇಳಿದರು. "ಮೇಷ್ಟ್ರು ಮೂರನೇ ಸಲ ಬಂದಾಗ ಅನುಮಾನ ಬಂತು. ಶನಿವಾರ ಅವಳು ಹೋದ ಮೇಲೆ ಬಾಟಲಿ ಮೂಸಿ ನೋಡಿದೆ. ವಾಸನೆಯೇ ಇರಲಿಲ್ಲ. ಹೊಸದು ತರಿಸಿ ಡ್ರಾಯರಲ್ಲಿಟ್ಟೆ. ಸೋಮವಾರ ಅವಳನ್ನ ಆಚೆ ಕಳಿಸಿ, ಅವಳು ತುಂಬಿಟ್ಟಿದ್ದನ್ನ ಚೆಲ್ಲಿ ನಾನೇ ತುಂಬಿಕೊಂಡೆ."

"ಹದಿನಾರು ವರ್ಷ ಜೊತೆಗಿದ್ದವಳು. ಯಾಕಮ್ಮ ಹೀಗೆ ಮಾಡ್ದೆ ಅಂತ ಒಂದು ಮಾತು ಕೇಳಬಹುದಿತ್ತು."

ಡಾಕ್ಟರು ಮೇಜಿನ ಮೇಲಿದ್ದ ಕ್ಲಿಪ್ಪನ್ನು ಅಂಚಿಗೆ ಸರಿಸಿದರು.

"ಕೇಳಿದ್ರೆ ಹೇಳಿಬಿಡ್ತಿದ್ದಳು," ಎಂದರು.

11 ಗಂಟೆ 10 ನಿಮಿಷಕ್ಕೆ ಬಂಧನದ ಪತ್ರ ತಯಾರಾಯಿತು. ಕೋಟು ಕಳಚಿ ಮಡಿಸುತ್ತ ಡಾಕ್ಟರು ಯಾರನ್ನೂ ನೋಡದೆ ಮಾತಾಡಿದರು. "ಹಲ್ಲಿನ ಬೇರು ಅಂದ್ರೆ ಬಹಳ ಇಕ್ಕಟ್ಟಿನ ಜಾಗ ಇನ್‌ಸ್ಪೆಕ್ಟ್ರೇ. ಕೆಲಸ ಮಾಡುವಾಗ ಇನ್ನೊಂದು ಯೋಚನೆಗೆ ಅಲ್ಲಿ ಜಾಗವೇ ಇಲ್ಲ. ದಿನಕ್ಕೆ ಆರು ಗಂಟೆ ನಾನು ಅದರೊಳಗಿರ್ತಿದ್ದೆ. ಹೊರಗೆ ಬಂದ್ರೆ ಮಗಳಿಲ್ಲದ ಮನೆ."

ಸಹಾಯಕಿಯ ವಿಚಾರವನ್ನು ಇನ್‌ಸ್ಪೆಕ್ಟರ್ ಪ್ರತ್ಯೇಕ ವರದಿಯಾಗಿ ಬರೆದು ಮೇಲಧಿಕಾರಿಗೆ ಕಳಿಸಿದರು. ಎಂಟು ತಿಂಗಳ ರೋಗಿಗಳ ಪಟ್ಟಿಯಲ್ಲಿ ನೂರಾ ಮೂವತ್ತು ಹೆಸರಿದ್ದವು. ಮತ್ತೊಮ್ಮೆ ಹಲ್ಲು ತೋರಿಸಿಕೊಳ್ಳಿ ಎಂದು ಅವರಿಗೆಲ್ಲ ತಿಳಿಸುವ ಕೆಲಸ ಹೆಡ್ ಕಾನ್‌ಸ್ಟೇಬಲ್‌ಗೆ ಬಿತ್ತು. ಈ ಸಲ ಅವರು ತಮಾಷೆ ಮಾಡಲಿಲ್ಲ. ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಎಂಬಲ್ಲಿ ಇನ್‌ಸ್ಪೆಕ್ಟರ್ 'ಇಲ್ಲ' ಎಂದು ಬರೆದರು. ಕಾರಣ ಬರೆಯಲು ಬೇರೆ ಜಾಗ ಇರಲಿಲ್ಲ.

ಮಧ್ಯಾಹ್ನ 3 ಗಂಟೆಗೆ ದೊಡ್ಡಾಸ್ಪತ್ರೆಗೆ ಹೋದರು. ತಂಗಿಗೆ ಹಿಂದಿನ ದಿನವೇ ಶಸ್ತ್ರಚಿಕಿತ್ಸೆ ಆಗಿತ್ತು. ಮುಖದ ಎಡಭಾಗವೆಲ್ಲ ಬ್ಯಾಂಡೇಜು, ನಿದ್ದೆಯಲ್ಲಿದ್ದಳು. ಅಕ್ಕ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಇನ್‌ಸ್ಪೆಕ್ಟರ್ ಪಕ್ಕದಲ್ಲೇ ಕೂತು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದರು.

"ಬೇಕು ಅಂತ ಮಾಡಿದ್ದಲ್ಲ, ಹಾಗಾದ್ರೆ."

"ಅಲ್ಲ."

"ಅವಳೂ ಒಳ್ಳೇದಕ್ಕೇ ಮಾಡಿದ್ದು."

"ಹೌದು."

ಅವಳು ಬ್ಲೀಚಿನಿಂದ ಬಿರುಕುಬಿಟ್ಟ ತನ್ನ ಅಂಗೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು.

"ಹತ್ತು ದಿನದಿಂದ ಅದ್ಯಾವನೋ ಪಾಪಿ ಅಂತ ಬೈಕೊಂಡು ಹೇಗೋ ಇದ್ದೆ ಸರ್," ಎಂದಳು. "ಇನ್ಮೇಲೆ ನಾನು ಯಾರನ್ನ ಬೈಲಿ?"